ಹಸಿರು ಲೈಟಲ್ಲಿ ಕೂತ್ರೆ ತಲೆನೋವು ಕಮ್ಮಿ ಆಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನಂಗೆ 41 ವರ್ಷ. ಒಂಬತ್ತು ವರ್ಷದಿಂದ ಮೈಗ್ರೇನ್, ತಿಂಗ್ಳಲ್ಲಿ ಹದಿನೈದು ದಿನಕ್ಕಿಂತ ಜಾಸ್ತಿ ತಲೆನೋವು ಇರುತ್ತೆ, ಮಾತ್ರೆ ನುಂಗಿ ನುಂಗಿ ಸಾಕಾಗಿದೆ. ಹಸಿರು ಬೆಳಕಲ್ಲಿ ಕೂತ್ರೆ ನೋವು ಇಳಿಯುತ್ತೆ ಅಂತಾರಲ್ಲ, ನಿಜಾನಾ? ಮನೇಲಿರೋ ಬಲ್ಬಿಗೆ ಹಸಿರು ಪೇಪರ್ ಸುತ್ತಿದ್ರೆ ಸಾಕಾ? ಮಾತ್ರೆ ಬಿಟ್ಬಿಡ್ಲಾ?

ಉತ್ತರ: ಮಾತ್ರೆ ವಿಷ್ಯ ಆಮೇಲೆ ಹೇಳ್ತೀನಿ, ಅದೇ ಮುಖ್ಯ. ಬೆಳಕಿನ ವಿಷ್ಯ ಬರೀ ಗಾಳಿಮಾತಂತೂ ಅಲ್ಲ.

ಅಮೆರಿಕದ ಅರಿಝೋನಾ ಯೂನಿವರ್ಸಿಟೀಲಿ ಮೊಹಾಬ್ ಇಬ್ರಾಹಿಂ ಅನ್ನೋ ನೋವಿನ ತಜ್ಞರು 2017ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ ನಂಗೆ ತುಂಬಾ ಇಷ್ಟ. ದಿನಕ್ಕೆ 8 ಗಂಟೆ ಹಸಿರು ಎಲ್‌ಇಡಿ ಬೆಳಕಲ್ಲಿಟ್ರೆ ಇಲಿಗಳಿಗೆ ನೋವು ತಡ್ಕೊಳ್ಳೋ ಶಕ್ತಿ ಜಾಸ್ತಿ ಆಯ್ತು, ಲೈಟ್ ನಿಲ್ಸಿದ ಮೇಲೂ ಕೆಲವು ದಿನ ಹಾಗೇ ಉಳೀತು. ಇದು ಚರ್ಮದಿಂದಾನಾ ಕಣ್ಣಿಂದಾನಾ ಅಂತ ನೋಡೋಕೆ ಇಲಿಗಳ ಕಣ್ಣಿಗೆ ಪುಟ್ಟ ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ರು! ಹಸಿರು ಮಾತ್ರ ಒಳಗೆ ಬಿಡೋ ಲೆನ್ಸ್ ಹಾಕಿ ಮಾಮೂಲಿ ಬೆಳಕಲ್ಲಿ ಬಿಟ್ರೂ ನೋವು ಇಳೀತು, ಬೆಳಕೇ ಹೋಗದ ಲೆನ್ಸ್ ಹಾಕಿ ಹಸಿರು ಲೈಟಲ್ಲಿಟ್ರೆ ಏನೂ ಆಗ್ಲಿಲ್ಲ. ಅಂದ್ರೆ ದಾರಿ ಕಣ್ಣಿಂದಾನೇ. ಆಮೇಲೆ ನಾಲಾಕ್ಸೋನ್ ಅಂತ ಮಾರ್ಫಿನ್ ಕೆಲಸ ತಡೆಯೋ ಔಷಧಿ ಕೊಟ್ಟಾಗ ಆ ಗುಣವೂ ಹೋಯ್ತು, ಅಂದ್ರೆ ದೇಹ ತಾನೇ ತಯಾರ್ ಮಾಡೋ ನೋವುನಿವಾರಕಗಳ ಪಾತ್ರ ಇದ್ರಲ್ಲಿದೆ.

ಇನ್ನು ಮನುಷ್ಯರು. 2020ರಲ್ಲಿ ಅದೇ ತಂಡ 29 ಮೈಗ್ರೇನ್ ರೋಗಿಗಳಿಗೆ ಮೊದ್ಲು 10 ವಾರ ಬಿಳಿ ಲೈಟು, ಆಮೇಲೆ 10 ವಾರ ಹಸಿರು ಲೈಟು ಕೊಟ್ಟು ನೋಡಿತು. ಹಸಿರಲ್ಲಿ ತಲೆನೋವಿನ ದಿನಗಳು ಸರಾಸರಿ ಸುಮಾರು 60 ಪರ್ಸೆಂಟ್ ಕಮ್ಮಿ ಆದ್ವು. ಖುಷಿ ಆಗೋ ಸುದ್ದಿನೇ, ಆದ್ರೆ 29 ಜನ ಅಂದ್ರೆ ತುಂಬಾ ಕಮ್ಮಿ, ಮತ್ತೆ ಯಾವ ಬಣ್ಣದಲ್ಲಿ ಕೂತಿದೀವಿ ಅಂತ ಅವ್ರಿಗೇ ಕಾಣ್ತಿತ್ತಲ್ಲ, ಹಾಗಾಗಿ ನಂಬಿಕೆಯಿಂದಾನೇ ಎಷ್ಟು ಕಮ್ಮಿ ಆಯ್ತು ಅಂತ ಬೇರ್ಪಡಿಸೋದು ಕಷ್ಟ. ನಾನಿದನ್ನ ಭರವಸೆ ಇರೋ ಪ್ರಯತ್ನ ಅಂತೀನಿ, ಚಿಕಿತ್ಸೆ ಅಂತ ಈಗ್ಲೇ ಹೇಳಲ್ಲ.

ಪೇಪರ್ ಸುತ್ತೋದು ಬೇಡ. ಬಿಳಿ ಬಲ್ಬಿಗೆ ಪೇಪರ್ ಸುತ್ತಿದ್ರೆ ಬೇರೆ ಬಣ್ಣಾನೂ ಸೋರುತ್ತೆ, ಬಲ್ಬ್ ಬಿಸಿಯಾದ್ರೆ ಪೇಪರ್ ಹತ್ಕೊಳ್ಳೋ ಭಯ ಬೇರೆ. ಪ್ರಯೋಗದಲ್ಲಿ ಬಳಸಿದ್ದು ಸುಮಾರು 525 ನ್ಯಾನೋಮೀಟರ್ ತರಂಗಾಂತರದ (ಬೆಳಕಿನ ಬಣ್ಣ ಅಳೆಯೋ ಲೆಕ್ಕ) ಅಪ್ಪಟ ಹಸಿರು ಎಲ್‌ಇಡಿ, ಅದೂ ಮಂದ ಬೆಳಕು. ಬೇರೆ ಲೈಟು, ಟೀವಿ, ಮೊಬೈಲು ಎಲ್ಲಾ ಆಫ್ ಮಾಡಿ ದಿನಾ ಒಂದರಿಂದ ಎರಡು ಗಂಟೆ ಕೂರ್ಬೇಕು, ಲೈಟನ್ನೇ ದಿಟ್ಟಿಸ್ಬಾರ್ದು, ನಿದ್ದೆ ಮಾಡಿದ್ರೂ ಲೆಕ್ಕಕ್ಕಿಲ್ಲ ಯಾಕಂದ್ರೆ ಕಣ್ಣು ತೆರ್ದಿರ್ಬೇಕಲ್ವಾ. ಪುಸ್ತಕ ಓದ್ಬಹುದು, ಹಾಡು ಕೇಳ್ಬಹುದು. ನಾಲ್ಕು ದಿನಕ್ಕೆ ಕೈ ಬಿಡ್ಬೇಡಿ, ವಾರಗಟ್ಟಲೆ ಬೇಕು. ಹಸಿರಲ್ಲೂ ತಲೆ ಸಿಡಿಯುತ್ತೆ ಅನ್ಸಿದ್ರೆ ಮಾತ್ರ ನಿಲ್ಸಿ. ಕಣ್ಣಿನ ಕಾಯಿಲೆ ಇದ್ರೆ ಕಣ್ಣಿನ ಡಾಕ್ಟ್ರನ್ನ ಮೊದ್ಲು ಕೇಳಿ.

ಈಗ ಮಾತ್ರೆ. ತಲೆನೋವು ಬಂದಾಗ ನುಂಗೋ ಮಾಮೂಲಿ ನೋವಿನ ಮಾತ್ರೆ ತಿಂಗ್ಳಿಗೆ 15 ದಿನ ಅಥವಾ ಜಾಸ್ತಿ, ಮೈಗ್ರೇನಿಗಂತಾನೇ ಇರೋ ಟ್ರಿಪ್ಟಾನ್ ಥರದ ಮಾತ್ರೆ 10 ದಿನ ಅಥವಾ ಜಾಸ್ತಿ, ಹೀಗೆ ಮೂರು ತಿಂಗ್ಳು ದಾಟಿದ್ರೆ ಆ ಮಾತ್ರೆನೇ ತಲೆನೋವು ತರೋಕೆ ಶುರು ಮಾಡ್ಬಹುದು. ನೀವು ಬರ್ದಿರೋದು ನೋಡಿದ್ರೆ ನಂಗೆ ಆ ಅನುಮಾನಾನೇ ಜಾಸ್ತಿ. ಹಾಗಂತ ನೀವೇ ಒಂದೇ ಸಲ ಎಲ್ಲಾ ನಿಲ್ಲಿಸ್ಬೇಡಿ, ದಿನಾ ತಗೊಳ್ಳೋ ತಡೆಗಟ್ಟೋ ಮಾತ್ರೆ ಇದ್ರಂತೂ ಖಂಡಿತ ಬೇಡ. ಯಾವ ದಿನ ನೋವು ಬಂತು, ಹತ್ತಕ್ಕೆ ಎಷ್ಟು, ಯಾವ ಮಾತ್ರೆ ತಗೊಂಡ್ರಿ ಅಂತ ಒಂದು ತಿಂಗ್ಳು ಬರ್ದಿಟ್ಕೊಂಡು ನಿಮ್ಮ ನರರೋಗ ತಜ್ಞರಿಗೆ ತೋರ್ಸಿ, ಯಾವ್ದನ್ನ ಹೇಗೆ ಇಳಿಸ್ಬೇಕು ಅಂತ ಅವ್ರು ಹೇಳ್ತಾರೆ. ಲೈಟ್ ಶುರು ಮಾಡೋದು ಆ ಒಂದು ತಿಂಗ್ಳು ಆದ್ಮೇಲೇ, ಇಲ್ದಿದ್ರೆ ಕಮ್ಮಿ ಆಗಿದ್ದು ಯಾವ್ದರಿಂದ ಅಂತ ನಿಮಗೂ ಗೊತ್ತಾಗಲ್ಲ, ಅವ್ರಿಗೂ ಗೊತ್ತಾಗಲ್ಲ.