ವಿದೇಶಿ ನೆರವಿನ ಸಮೀಕ್ಷೆ: ‘ಶೇ. 20’ ಎಂಬ ಉತ್ತರ ಏಕೆ ಬರುತ್ತಿದೆ?

ನೀವು ನಡೆಸಿದ ಸಮೀಕ್ಷೆಯಲ್ಲಿ, ಭಾರತದ ಬಜೆಟ್ಟಿನ ಐದನೇ ಒಂದು ಪಾಲು (ಶೇ. 20) ಬೇರೆ ದೇಶಗಳಿಗೆ ಕೊಡುವ ನೆರವಿಗೆ ಹೋಗುತ್ತದೆ ಎಂದು ಹಲವರು ಬರೆದಿದ್ದರೆ ತಪ್ಪು ನಿಮ್ಮ ಪ್ರಶ್ನಾವಳಿಯದ್ದಲ್ಲ, ಬಹುಶಃ ಜನರ ಊಹೆಯದ್ದು. ಅಮೆರಿಕದಲ್ಲೂ ಇದೇ ಕಥೆ. ಅಲ್ಲಿನ ಆರೋಗ್ಯ ನೀತಿ ಸಂಶೋಧನಾ ಸಂಸ್ಥೆ ಕೆಎಫ್‌ಎಫ್ 2025ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸರಾಸರಿ ಊಹೆ ಅಮೆರಿಕದ ಬಜೆಟ್ಟಿನ ಶೇ. 26; ವಾಸ್ತವ ಶೇ. 1ರ ಆಸುಪಾಸು. ಅದನ್ನು ತಿಳಿಸಿದ ಮೇಲೆ ‘ಖರ್ಚು ಅತಿಯಾಯಿತು’ ಎನ್ನುವವರು ಶೇ. 58ರಿಂದ 34ಕ್ಕೆ ಇಳಿದರು.

ನಿಮಗೆ ಬಂದ ‘ಶೇ. 20’ರ ಉತ್ತರಗಳನ್ನು ಅಳಿಸಬೇಡಿ. ಮೊದಲು ಊಹೆ ಕೇಳಿ, ಆಮೇಲೆ ಈ ಖರ್ಚು ಹೆಚ್ಚೋ ಕಡಿಮೆಯೋ ಎಂಬ ಅಭಿಪ್ರಾಯ. ನಂತರ ನಿಜವಾದ ಅಂಕಿ ಕೊಟ್ಟು ಅಭಿಪ್ರಾಯದ ಪ್ರಶ್ನೆಯನ್ನು ಮತ್ತೆ ಕೇಳಿ. ನಮ್ಮ ವಿದೇಶಾಂಗ ಸಚಿವಾಲಯದ 2025-26ರ ಬಜೆಟ್ ಅಂದಾಜಿನಲ್ಲಿ ನೆರವು ಸುಮಾರು 5,500 ಕೋಟಿ ರೂಪಾಯಿ, ಭೂತಾನಿಗೇ 2,150 ಕೋಟಿ. ಬರೀ ಕೋಟಿ ಹೇಳಿದರೆ ಯಾರಾದರೂ ಹುಬ್ಬೇರಿಸುತ್ತಾರೆ. ಆ ವರ್ಷದ ಕೇಂದ್ರ ಬಜೆಟ್ಟಿನ ನೂರು ರೂಪಾಯಿಗೆ ಸುಮಾರು ಹನ್ನೊಂದು ಪೈಸೆ ಎಂದೂ ಬರೆಯಿರಿ. ನಮ್ಮವರ ಅಭಿಪ್ರಾಯವೂ ಅಷ್ಟೇ ಬದಲಾಗುತ್ತದೆ ಎನ್ನಲಾರೆ. ಮೊದಲು ಇಪ್ಪತ್ತು ಮಂದಿಯ ಮೇಲೆ ಪ್ರಯೋಗಿಸಿ ನೋಡಿ.