ಮಿಸ್‌ಗೊಂದು ಪ್ರಶ್ನೆ: ನಲಿಕಲಿ ಮುಗಿದ ಮೇಲಿನ ಜೂನ್

ಈ ಸಲ ಬಂದ ಪತ್ರಗಳಲ್ಲಿ ಮೂರು ಪತ್ರ ನಾಲ್ಕನೇ ತರಗತಿಯ ವಿಷಯದವು. ಒಂದು ಟೀಚರ್‌ದು, ಒಂದು ತಾಯಿಯದು, ಒಂದು ಅಜ್ಜಿಯದು. ನಾನು ಸರ್ಕಾರಿ ಶಾಲೆಯಲ್ಲಿದ್ದ 31 ವರ್ಷದಲ್ಲಿ 11 ವರ್ಷ ನಾಲ್ಕನೇ ಕ್ಲಾಸೇ ನನ್ನ ಪಾಲಿಗೆ ಬಂದಿದ್ದು. ಹಾಗಾಗಿ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಮಸ್ತೆ. ಹೋದ ವರ್ಷ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ಸೇರಿದ್ದೇನೆ. ಈ ಜೂನ್‌ನಲ್ಲಿ ನಾಲ್ಕನೇ ತರಗತಿ ಕೊಟ್ಟಿದ್ದಾರೆ, 23 ಮಕ್ಕಳು. ಮೊದಲ ಪೋಷಕರ ಸಭೆಗೆ ಆರೇ ಜನ ಬಂದರು. ವಾಟ್ಸಾಪ್ ಗ್ರೂಪ್ ಮಾಡಿ ದಿನಾ ಏನಾದರೂ ಹಾಕುತ್ತೇನೆ, ಯಾರೂ ನೋಡುವ ಹಾಗೆ ಕಾಣುತ್ತಿಲ್ಲ. ಸೇತುಬಂಧದ (ವರ್ಷದ ಮೊದಲಲ್ಲಿ ಹಿಂದಿನ ತರಗತಿಯ ಕಲಿಕೆ ನೋಡಿ, ಬಿಟ್ಟುಹೋದದ್ದನ್ನು ಕಲಿಸುವುದು) ಪೂರ್ವ ಪರೀಕ್ಷೆ ಮುಗಿದಿದೆ. ಪೇಪರ್ ಮನೆಗೆ ಕಳಿಸಬೇಕೋ ಬೇಡವೋ? ಈ ಮೊದಲ ವಾರಗಳಲ್ಲಿ ಪೋಷಕರಿಗೆ ಏನು ತಿಳಿಸಬೇಕು, ಹೇಗೆ ತಿಳಿಸಬೇಕು?
— ಒಬ್ಬ ಶಿಕ್ಷಕಿ

ಉತ್ತರ: ಆರು ಜನ ಬಂದರಲ್ಲ, ಪರವಾಗಿಲ್ಲ. ನನ್ನ ಮೊದಲ ಸಭೆಗೆ ಬಂದವರು ನಾಲ್ಕು. ಅದರಲ್ಲೂ ಒಬ್ಬರು ರೇಷನ್ ಕಾರ್ಡ್ ವಿಷಯಕ್ಕೆ ಏನೋ ಮೀಟಿಂಗ್ ಅಂದುಕೊಂಡು ಬಂದಿದ್ದವರು.

ಸಭೆ ಎಷ್ಟು ಗಂಟೆಗೆ ಇಟ್ಟಿದ್ದಿರಿ? ಬರೆದಿಲ್ಲ, ಆದರೆ ಹನ್ನೊಂದು ಗಂಟೆಗೆ ಅಂತ ನನ್ನ ಊಹೆ. ಜೂನ್‌ನಲ್ಲಿ ನಿಮ್ಮ ಕಡೆ ಹೊಗೆಸೊಪ್ಪಿನ ನಾಟಿ. ಒಂದು ಹದ ಮಳೆ ಬಿದ್ದರೆ ಸಾಕು, ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ. ಅವತ್ತು ಸಸಿ ಬಿಟ್ಟು ಸಭೆಗೆ ಯಾರು ಬರುತ್ತಾರೆ? ಇವರಿಗೆ ಮಕ್ಕಳ ಮೇಲೆ ಕಾಳಜಿ ಇಲ್ಲ ಅಂತ ಸ್ಟಾಫ್ ರೂಮಿನಲ್ಲಿ ಕೂತು ಮಾತಾಡುವುದು ಸುಲಭ. ನಾನೂ ಆಡಿದ್ದೇನೆ. ನಮ್ಮ ಶಾಲೆಯಲ್ಲಿ ಒಬ್ಬ ಹಳೇ ಮೇಷ್ಟ್ರಿದ್ದರು. ನನ್ನ ಗೊಣಗಾಟ ಕೇಳಿ ಕೇಳಿ ಸಾಕಾಗಿ ಒಂದಿನ ಹೇಳಿದರು: "ಸಂಜೆ ಡೈರಿ ಹತ್ರ ಹೋಗಿ ನಿಂತ್ಕೊಳ್ಳಿ ಮಿಸ್. ನಿಮ್ಮ ಸಭೆ ಅಲ್ಲೇ ಸೇರಿರುತ್ತೆ."

ಹೋದೆ. ಐದೂವರೆಗೆ ಕ್ಯಾನು ಹಿಡಿದು ಸಾಲಲ್ಲಿ ನಿಂತಿದ್ದವರಲ್ಲಿ ನನ್ನ ಕ್ಲಾಸಿನ ಒಂಬತ್ತು ಮಕ್ಕಳ ಮನೆಯವರಿದ್ದರು. ಹಾಲು ಅಳೆಸುವ ತನಕ ಅವರು ಎಲ್ಲಿಗೂ ಹೋಗುವ ಹಾಗಿಲ್ಲ. ಒಬ್ಬೊಬ್ಬರ ಜೊತೆ ಎರಡೆರಡು ನಿಮಿಷ ಮಾತಾಡಿದೆ. ಒಂದು ಎಚ್ಚರ ಮಾತ್ರ ಬೇಕು. ಸಾಲಲ್ಲಿ ಮಗುವಿನ ತಪ್ಪು ಎತ್ತಬೇಡಿ. ಆ ತಾಯಿ ಮನೆ ಸೇರುವ ಮೊದಲೇ ಮಾತು ಊರೆಲ್ಲ ಸುತ್ತಿರುತ್ತದೆ.

ಇನ್ನು ಏನು ಹೇಳಬೇಕು ಅನ್ನುವುದು. ಮೊದಲು ಹೇಳಬೇಕಾದ್ದು ಮಗುವಿನ ಬಗ್ಗೆ ಅಲ್ಲ, ಕ್ಲಾಸಿನ ಬಗ್ಗೆ. ಮೂರನೇ ಕ್ಲಾಸಿನ ತನಕ ಈ ಮಕ್ಕಳು ನಲಿಕಲಿಯಲ್ಲಿ, ಅಂದರೆ ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಕೂತು ಕಾರ್ಡು ಹಿಡಿದು ಕಲಿಯುವ ಕ್ಲಾಸಿನಲ್ಲಿ, ಇದ್ದವರು. ನಿಮ್ಮ ಜಿಲ್ಲೆಯದೇ ಹೆಗ್ಗಡದೇವನಕೋಟೆ ತಾಲ್ಲೂಕಿನ ಟೀಚರುಗಳೇ 1995ರಲ್ಲಿ ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ, ಅಲ್ಲಿ ಮಕ್ಕಳು ಕಾರ್ಡು ಹಿಡಿದು ಕಲಿಯುವುದನ್ನು ನೋಡಿ ಬಂದು ಶುರು ಮಾಡಿದ್ದು ಅದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅಲ್ಲಿ ಮಗು ತನ್ನ ಕಾರ್ಡು ತಾನೇ ಎತ್ತಿಕೊಳ್ಳುತ್ತದೆ, ತನ್ನ ಗುಂಪಿನಲ್ಲಿ ಕೂರುತ್ತದೆ, ತನ್ನ ವೇಗದಲ್ಲಿ ಹೋಗುತ್ತದೆ. ಪಕ್ಕದಲ್ಲೇ ಒಂದನೇ ಕ್ಲಾಸಿನ ಪುಟಾಣಿ, ತಲೆ ಮೇಲೆ ಚಪ್ಪರದಲ್ಲಿ ತಾನೇ ಬರೆದ ಚಿತ್ರ, ಕೈಗೆಟಕುವ ಎತ್ತರದಲ್ಲಿ ತನ್ನದೇ ಕಪ್ಪುಹಲಗೆ. ಜೂನ್‌ನಲ್ಲಿ ಒಂದೇ ದಿನಕ್ಕೆ ಎಲ್ಲ ಬದಲು. ನಾಲ್ಕು ಪುಸ್ತಕ, ಪೀರಿಯಡ್ಡು, ಬೆಲ್ಲು, ಬೋರ್ಡು ದೂರ. ಎಲ್ಲರೂ ಒಂದೇ ಪುಟ, ಎಲ್ಲರೂ ಒಟ್ಟಿಗೆ ಬರೆದು ಮುಗಿಸಬೇಕು.

ಹೀಗಾದಾಗ ಚುರುಕಾದ ಮಗು ಕೂಡ ಒಂದು ತಿಂಗಳು ಮಂಕಾಗಿ ಕಾಣುತ್ತದೆ. ಬೋರ್ಡಿನಲ್ಲಿ ಇರುವುದರಲ್ಲಿ ಅರ್ಧ ಬರೆಯುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ಮನೆಯಲ್ಲಿ ನೋಟ್‌ಬುಕ್ ತೆಗೆದು ನೋಡಿದವರಿಗೆ ಅರ್ಧರ್ಧ ಪುಟ ಕಾಣುತ್ತದೆ. ನಲಿಕಲಿಯಲ್ಲಿ ಇವನು ಏನೂ ಕಲಿತೇ ಇಲ್ಲ ಅಂತಲೋ, ಈ ಹೊಸ ಮಿಸ್ಸಿಗೆ ಪಾಠ ಮಾಡೋಕೆ ಬರಲ್ಲ ಅಂತಲೋ ಅವರು ತೀರ್ಮಾನಿಸುತ್ತಾರೆ. ಜುಲೈ ಹೊತ್ತಿಗೆ ಟಿಸಿ ಕೇಳಿಕೊಂಡು ಬರುತ್ತಾರೆ, ಆಮೇಲೆ ಆ ಮಗು ಖಾಸಗಿ ಶಾಲೆಯ ಹಳದಿ ವ್ಯಾನಿನ ಕಿಟಕಿಯಿಂದ ನಿಮಗೆ ಟಾಟಾ ಮಾಡುತ್ತದೆ. ಅದಕ್ಕೇ ನೋಟ್‌ಬುಕ್ ಮನೆಯವರ ಕೈಗೆ ಸಿಗುವ ಮೊದಲೇ ಹೇಳಿಬಿಡಿ: "ಈ ತಿಂಗಳು ಬರವಣಿಗೆ ಹಿಂದೆ ಬೀಳುತ್ತೆ. ಎಲ್ಲ ಮಕ್ಕಳಿಗೂ ಹೀಗೇ ಆಗುತ್ತೆ. ನಾನು ನೋಡ್ತಾ ಇದ್ದೀನಿ." ಇಷ್ಟು ಸಾಕು. ಡೈರಿ ಸಾಲಲ್ಲಿ ಧಾರಾಳವಾಗಿ ಹೇಳಬಹುದು.

ಸೇತುಬಂಧದ ಪೇಪರ್ ವಿಷಯಕ್ಕೆ ಬಂದರೆ, ನನ್ನದೇ ಒಂದು ತಪ್ಪು ಹೇಳಬೇಕು. ಒಂದು ವರ್ಷ ಪೂರ್ವ ಪರೀಕ್ಷೆಯ ಪೇಪರುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿ, ಮೇಲೆ ಅಂಕ ಹಾಕಿ, "ಪೋಷಕರ ಸಹಿ" ಅಂತ ಗೆರೆ ಎಳೆದು ಮನೆಗೆ ಕಳಿಸಿದೆ. ಒಬ್ಬ ಹುಡುಗನಿಗೆ 20ಕ್ಕೆ 4 ಬಂದಿತ್ತು. ಮಾರನೇ ದಿನ ಸಹಿ ಹಾಕಿಸಿಕೊಂಡು ಬಂದ. ಚಡ್ಡಿ ಕೆಳಗೆ, ಮೀನಖಂಡದ ಮೇಲೆ ಮೂರು ಬಾಸುಂಡೆ. ಹುಣಸೆ ಬರಲು. ಅವರಪ್ಪ ಮಗ ನಾಲ್ಕನೇ ಕ್ಲಾಸು ಫೇಲಾಗೇ ಹೋದ ಅಂದುಕೊಂಡಿದ್ದರು. ಹೊಡೆದಿದ್ದು ಅಪ್ಪ, ಆದರೆ ಕೋಲು ಕೊಟ್ಟು ಕಳಿಸಿದ್ದು ನಾನು. ಅವತ್ತು ಸಂಜೆಯೇ ಅವರ ಮನೆಗೆ ಹೋದೆ. ಜಗಲಿ ಮೇಲೆ ಕೂರಿಸಿ ಟೀ ಕೊಟ್ಟರು. "ಬಿತ್ತನೆಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸ್ತೀರಲ್ಲ, ಅದರಲ್ಲಿ ಹೊಲ ಫೇಲಾಗುತ್ತಾ?" ಅಂತ ಕೇಳಿದೆ. ಅವರು ಬಹಳ ಹೊತ್ತು ಲೋಟ ನೋಡುತ್ತಾ ಕೂತಿದ್ದರು.

ಆಮೇಲೆ ಆ ಪೇಪರುಗಳನ್ನು ನಾನು ಶಾಲೆಯಲ್ಲೇ ಇಟ್ಟುಕೊಂಡೆ, ಯಾರು ಬಂದು ಕೇಳಿದರೂ ತೋರಿಸುತ್ತಿದ್ದೆ. ಮನೆಯವರಿಗೆ ಬಾಯಲ್ಲಿ ಹೇಳುತ್ತಿದ್ದುದು ಇಷ್ಟೇ: ಏನು ಬರುತ್ತೆ, ಏನು ಇನ್ನೂ ಬರಲ್ಲ, ಅದಕ್ಕೆ ನಾನೇನು ಮಾಡ್ತೀನಿ. "ಮೂರಂಕಿ ಕೂಡೋ ಲೆಕ್ಕ ಚೆನ್ನಾಗಿ ಮಾಡ್ತಾಳೆ. ದಶಕ ತಗೊಂಡು ಕಳೆಯೋದು ಬಂದಿಲ್ಲ. ಇನ್ನೆರಡು ವಾರ ಅದನ್ನೇ ಮಾಡಿಸ್ತೀನಿ." ಸೇತುಬಂಧದ ಕೊನೆಯ ಸಾಫಲ್ಯ ಪರೀಕ್ಷೆ ಆದ ಮೇಲೆ ಇನ್ನೊಂದು ಸಲ ಹೇಳಬೇಕು, ಬಂತು ಅಂತಲೋ ಇನ್ನೂ ಇಲ್ಲ ಅಂತಲೋ. ಈ ಎರಡನೇ ಸಲದ ಮಾತನ್ನು ಬಹಳ ಟೀಚರುಗಳು ಮರೆತೇ ಬಿಡುತ್ತಾರೆ. ಮನೆಯವರಿಗೆ ನಂಬಿಕೆ ಬರುವುದೇ ಆವಾಗ.

ವಾಟ್ಸಾಪ್ ಗ್ರೂಪಲ್ಲಿ ಹಿಂದಿನ ಹತ್ತು ಮೆಸೇಜು ತೆಗೆದು ನೋಡಿ. ಆಧಾರ್ ಜೆರಾಕ್ಸ್ ತನ್ನಿ. ಜಾತಿ ಆದಾಯ ಪ್ರಮಾಣಪತ್ರ ತನ್ನಿ. ಪಾಸ್‌ಬುಕ್ ತನ್ನಿ. ಮೊಟ್ಟೆ ತಿನ್ನದವರು ಬಾಳೆಹಣ್ಣು ಅಂತ ತಿಳಿಸಿ. ನಡುವೆ ಯಾರೋ ಹಾಕಿದ ಗುಡ್ ಮಾರ್ನಿಂಗ್ ಗುಲಾಬಿ. ಇದರೊಳಗೆ ನಿಮ್ಮ ಪಾಠದ ಮಾತು ಎಲ್ಲಿ ಕಾಣಬೇಕು? ಬಹಳ ಮನೆಗಳಲ್ಲಿ ಫೋನ್ ಅಪ್ಪನ ಜೇಬಲ್ಲಿ, ಅಪ್ಪ ಮೈಸೂರಲ್ಲಿ. ದಿನಾ ಹಾಕುವುದು ಬಿಡಿ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸಿಗೆ ಕಾಯುವಾಗ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ. ಓದು ಬಾರದ ತಾಯಿಗೂ ಕೇಳುತ್ತೆ. ಮಕ್ಕಳ ಹೆಸರು, ಅಂಕ ಗ್ರೂಪಲ್ಲಿ ಬೇಡವೇ ಬೇಡ.

ಗ್ರೂಪಲ್ಲಿ ಇಲ್ಲದವರಿಗೆ ಚೀಟಿ ಕಳಿಸಿ. ಆದರೆ ಚೀಟಿಯನ್ನು ಮನೆಯಲ್ಲಿ ಓದಿ ಹೇಳುವುದು ಮಗುವೇ, ಅಲ್ವಾ? "ನಿಮ್ಮ ಮಗ ಮನೆಗೆಲಸ ಮಾಡುತ್ತಿಲ್ಲ, ನಾಳೆ ಬಂದು ಕಾಣಿರಿ" ಅಂತ ಒಬ್ಬನ ಕೈಲಿ ಬರೆದು ಕಳಿಸಿದ್ದೆ. ಮಾರನೇ ದಿನ ತಾಯಿಯೂ ಇಲ್ಲ, ಮಗನೂ ಇಲ್ಲ. ಅದರ ಮಾರನೇ ದಿನ ದಾರಿಯಲ್ಲಿ ಸಿಕ್ಕ ತಾಯಿಯನ್ನು ಕೇಳಿದರೆ, "ನೀವೇ ರಜೆ ಅಂತ ಚೀಟಿ ಕಳ್ಸಿದ್ರಲ್ಲ ಮಿಸ್" ಅಂದರು. ಹುಡುಗನಿಗೆ ಓದು ಹೇಗೋ ಏನೋ, ಕಥೆ ಕಟ್ಟೋಕೆ ಚೆನ್ನಾಗಿ ಬರುತ್ತೆ ಅಂತ ಖಾತ್ರಿಯಾಯಿತು. ಅಲ್ಲಿಂದ ಮುಂದೆ ಮಗು ಖುಷಿಯಿಂದ ಗಟ್ಟಿಯಾಗಿ ಓದುವಂಥದ್ದನ್ನೇ ಚೀಟಿಯಲ್ಲಿ ಬರೆಸುತ್ತಿದ್ದೆ. ಬೋರ್ಡಿನಲ್ಲಿ ನಾನು ಬರೆಯುವುದು, ಮಕ್ಕಳೇ ನೋಡಿ ಬರೆದುಕೊಂಡು ಹೋಗುವುದು. ಬರವಣಿಗೆ ಅಭ್ಯಾಸವೂ ಆಯಿತು. ಒಂದು ವಾರದ ಚೀಟಿ ಹೀಗಿತ್ತು: "ನಾವು ದಶಕ ತಗೊಂಡು ಕಳೆಯೋ ಲೆಕ್ಕ ಕಲಿತಿದ್ದೇವೆ. ಹೋದ ವಾರ ಹಾಲಿನ ಬಟವಾಡೆ ಎಷ್ಟು ಬಂತು, ಈ ವಾರ ಎಷ್ಟು ಬಂತು, ಎಷ್ಟು ವ್ಯತ್ಯಾಸ ಅಂತ ನನ್ನ ಕೈಲಿ ಲೆಕ್ಕ ಮಾಡಿಸಿ." ಸೋಮವಾರ ಒಬ್ಬಳು ಬಂದು, "ಮಿಸ್, 38 ರೂಪಾಯಿ ಕಮ್ಮಿ ಬಂದಿದೆ. ನಮ್ಮ ಕೆಂಪಿ ಹಿಂಡಿ ತಿಂತಿಲ್ಲ" ಅಂದಳು. ಕೆಂಪಿ ಅವರ ಹಸು.

ಮನೆಮನೆ ಭೇಟಿ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. 23 ಮನೆ, ದಿನಕ್ಕೆ ಎರಡು ಅಂದರೂ 12 ಸಂಜೆ. ಬಸ್ ತಪ್ಪಿದರೆ ನಿಮ್ಮ ಪಾಡೇನು ಅಂತ ಯಾರೂ ಹೇಳುವುದಿಲ್ಲ. ಸಭೆಗೆ ಬರದ, ಡೈರಿಗೂ ಬರದ, ಗ್ರೂಪಲ್ಲೂ ಇಲ್ಲದ ನಾಲ್ಕೈದು ಮನೆ ಇರುತ್ತವಲ್ಲ, ಅವಕ್ಕೆ ಮಾತ್ರ ಹೋಗಿ ಬನ್ನಿ. ಹೋದಾಗ ಮೊದಲು ಒಂದು ಒಳ್ಳೆಯ ಸುದ್ದಿ ಹೇಳಿ. ಸುಮ್ನೆ "ಒಳ್ಳೇ ಹುಡುಗ" ಅಂದರೆ ಯಾರೂ ನಂಬಲ್ಲ. "ಊಟದ ಹೊತ್ತಲ್ಲಿ ಚಿಕ್ಕ ಮಕ್ಕಳ ತಟ್ಟೆ ತೊಳೆಯೋಕೆ ನೀರು ಹಾಕ್ತಾನೆ, ಯಾರೂ ಹೇಳಿಕೊಟ್ಟಿಲ್ಲ" ಅಂದರೆ ನಂಬುತ್ತಾರೆ. ಅದು ನಿಜವಾಗಿರಬೇಕು, ಅಷ್ಟೇ.

ಪ್ರಶ್ನೆ: ನನ್ನ ಮಗ ಮೂರನೇ ಕ್ಲಾಸಿನ ತನಕ ಕುಣಿದುಕೊಂಡು ಶಾಲೆಗೆ ಹೋಗುತ್ತಿದ್ದ. ನಾಲ್ಕಕ್ಕೆ ಬಂದಾಗಿಂದ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಾನೆ. ಮಿಸ್ ತಾವಾಗಿ ಏನೂ ಹೇಳಿಲ್ಲ. ನಾವೇ ಹೋಗಿ ಕೇಳಿದರೆ ದೂರು ಹೇಳಿದ ಹಾಗಾಗುತ್ತಾ? ಟ್ಯೂಷನ್‌ಗೆ ಹಾಕಲಾ?
— ಒಬ್ಬ ತಾಯಿ, ತುಮಕೂರು

ಉತ್ತರ: ಭಾನುವಾರವೂ ಹೊಟ್ಟೆನೋವು ಬಂದರೆ ಮೊದಲು ಡಾಕ್ಟರಿಗೆ ತೋರಿಸಿ. ಶಾಲೆ ಇದ್ದ ದಿನ ಮಾತ್ರ ಬಂದರೆ ಮಿಸ್ ಹತ್ತಿರ ಹೋಗಿ. ದೂರು ಅಂತ ಯಾಕೆ ತಿಳಿದುಕೊಳ್ಳುತ್ತಾರೆ? ಪ್ರಾರ್ಥನೆ ಹೊತ್ತಲ್ಲಿ ಹೋಗಿ ಗೇಟಲ್ಲಿ ಹಿಡಿದುಕೊಳ್ಳಬೇಡಿ ಅಷ್ಟೇ, ಸಂಜೆ ಬೆಲ್ ಹೊಡೆದ ಮೇಲೆ ಹೋಗಿ. "ಹೇಗೆ ಓದ್ತಾನೆ ಮಿಸ್?" ಅಂತ ಕೇಳಿದರೆ "ಪರವಾಗಿಲ್ಲಮ್ಮ" ಅನ್ನುವ ಉತ್ತರ ಸಿಗುತ್ತೆ, ನಾನೂ ಹಾಗೇ ಹೇಳುತ್ತಿದ್ದೆ. ಅದರ ಬದಲು ಕೇಳಿ: ಎಲ್ಲಿ ಕೂರುತ್ತಾನೆ? ಯಾರ ಜೊತೆ ಊಟ ಮಾಡುತ್ತಾನೆ? ಯಾವ ಪೀರಿಯಡ್‌ನಲ್ಲಿ ಸಪ್ಪಗಾಗುತ್ತಾನೆ? ಬೋರ್ಡು ನೋಡಿ ಬರೆಯುತ್ತಾನೋ, ಪಕ್ಕದವನ ನೋಟ್‌ಬುಕ್ ನೋಡಿ ಬರೆಯುತ್ತಾನೋ?

ಕೊನೆಯ ಪ್ರಶ್ನೆ ಸುಮ್ನೆ ಸೇರಿಸಿದ್ದಲ್ಲ. ಮೂರು ವರ್ಷ ಕಾರ್ಡು ಕೈಯಲ್ಲೇ ಇತ್ತು, ಈಗ ಅಕ್ಷರ ಇಪ್ಪತ್ತು ಅಡಿ ದೂರದಲ್ಲಿದೆ. ಕಣ್ಣು ಮಂಜಾದ ಮಗು ಸಿಕ್ಕಿಬೀಳುವುದು ಬಹಳ ಸಲ ನಾಲ್ಕನೇ ಕ್ಲಾಸಿನಲ್ಲೇ. ನನ್ನ ಕ್ಲಾಸಲ್ಲಿ ಎರಡು ಸಲ ಹೊಟ್ಟೆನೋವಿಗೆ ಕನ್ನಡಕ ಮದ್ದಾಗಿದೆ. ಮನೆಯಲ್ಲಿ ಒಂದೊಂದೇ ಕಣ್ಣು ಮುಚ್ಚಿಸಿ, ದೂರದ ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳ ಹೆಸರು ಓದಿಸಿ ನೋಡಿ. ತಡವರಿಸಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡಿಸಿ. ಟ್ಯೂಷನ್ ಮಾತು ದಸರಾ ರಜೆ ತನಕ ಬೇಡ.

ಪ್ರಶ್ನೆ: ಮಗ ಸೊಸೆ ಬೆಂಗಳೂರಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತಾರೆ. ಮೊಮ್ಮಗಳು ನನ್ನ ಹತ್ರ ಇದ್ದಾಳೆ, ನಾಲ್ಕನೇ ಕ್ಲಾಸು. ನನಗೆ ಓದು ಬರಹ ಇಲ್ಲ. ಅವಳು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತೇನೆ. ಓದ್ತಾ ಇದ್ದಾಳಾ ಇಲ್ವಾ ಅಂತ ನನಗೆ ಹೇಗೆ ತಿಳಿಯಬೇಕು? (ಅಜ್ಜಿ ಹೇಳಿದ್ದು, ಮೊಮ್ಮಗಳು ನಾನು ಬರೆದಿದ್ದು.)
— ಅಜ್ಜಿ, ಮದ್ದೂರು ತಾಲ್ಲೂಕು

ಉತ್ತರ: ಅಜ್ಜಿ, ಓದು ಬರದಿದ್ದರೂ ನೋಟ್‌ಬುಕ್ ನೋಡಬಹುದು. ದಿನಾ ಹಾಳೆ ಮುಂದಕ್ಕೆ ಹೋಗಿದೆಯಾ ನೋಡಿ. ಮಿಸ್‌ದು ಕೆಂಪು ಗುರುತು ಇದೆಯಾ ನೋಡಿ. ಒಂದು ವಾರ ಕೆಂಪು ಕಾಣದಿದ್ದರೆ ಮಿಸ್‌ನೇ ಕೇಳಿ. ಸಂಜೆ ಸೊಪ್ಪು ಬಿಡಿಸುವಾಗ ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿ. ನಿಂತು ನಿಂತು ಓದಿದರೆ ಬೈಯಬೇಡಿ, ಅದು ನಿಜವಾಗಿ ಓದುತ್ತಿರುವುದು. ಗಿಣಿ ಹಾಗೆ ಒಂದೇ ಉಸಿರಿಗೆ ಹೇಳಿದರೆ ಪುಟದ ನಡುವೆ ಎಲ್ಲಾದರೂ ಬೆರಳಿಟ್ಟು "ಇಲ್ಲಿಂದ ಓದವ್ವ" ಅನ್ನಿ. ಬಾಯಿಪಾಠ ಆಗಿದ್ದರೆ ಅಲ್ಲಿ ಗೊತ್ತಾಗುತ್ತೆ. ಹೆಬ್ಬೆಟ್ಟು ಒತ್ತುವ ಮೊದಲು ಅಲ್ಲಿ ಏನು ಬರೆದಿದೆ ಅಂತ ಎರಡು ಸಲ ಓದಿಸಿ. ಎರಡು ಸಲವೂ ಒಂದೇ ಥರ ಇದ್ದರೆ ಒತ್ತಿ.

ಈ ಉತ್ತರವನ್ನು ಅಜ್ಜಿಗೆ ಓದಿ ಹೇಳುವವಳೂ ನೀನೇ ಅಂತ ಗೊತ್ತು ಮಗಳೇ. ಮೇಲಿನದೆಲ್ಲ ಪೂರ್ತಿ ಓದು, ಬೆರಳಿಡುವ ವಿಷಯ ಬಿಡಬೇಡ. ಈ ಸಾಲೂ ಓದು.