ಎರಡು ಹಳೇ ಮಾನಿಟರ್, ಒಂದು ಜಗಳ

ಮಕ್ಕಳು ಊರಿಗೆ ವಾಪಸ್ ಬಂದು ಮನೆಯಿಂದಲೇ ಕೆಲಸ ಮಾಡೋಕೆ ಶುರು ಮಾಡಿದ ಮೇಲೆ ಈ ಥರದ ಕೇಸುಗಳು ನನ್ನ ಹತ್ತಿರ ಜಾಸ್ತಿ ಬರುತ್ತಿವೆ. ಜಗಳ ಯಾವುದೋ ವಸ್ತುವಿನ ಮೇಲೆ. ಹಳೇ ಸ್ಕೂಟರ್, ಹಳೇ ಮಿಕ್ಸಿ, ಹಳೇ ಬೀರು. ಕೌನ್ಸೆಲಿಂಗ್ ಮಾಡೋ ನಾವು ಸಲಹೆಗಾರರು ಏನು ಮಾಡ್ತೀವಿ ಅಂದರೆ, ಆ ವಸ್ತುವನ್ನು ಪಕ್ಕಕ್ಕೆ ಸರಿಸಿ, ಮನಸ್ಸಿನೊಳಗೆ ಏನಿದೆ ಅಂತ ಕೆದಕೋಕೆ ಕೂತುಬಿಡ್ತೀವಿ. ನನಗೆ ಅದು ಒಪ್ಪಿಗೆ ಇಲ್ಲ. ಮಂಡ್ಯದ ಈ ತಾಯಿ ಮಗಳ ವಿಷಯ ಅದಕ್ಕೇ ಬರೀತಿದ್ದೇನೆ. ಇಬ್ಬರೂ ಒಪ್ಪಿದ್ದಾರೆ, ಗುರುತು ಸಿಗುವಂಥದ್ದನ್ನು ಬದಲಿಸಿದ್ದೇನೆ.

ತಾಯಿ ಡಿಟಿಪಿ ಸೆಂಟರ್ ನಡೆಸುತ್ತಿದ್ದವರು. ಲಗ್ನಪತ್ರಿಕೆ, ಅರ್ಜಿ, ಕರಾರು ಪತ್ರ ಎಲ್ಲಾ 'ನುಡಿ' ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಕೊಟ್ಟು ಮಗಳನ್ನು ಓದಿಸಿದರು. ಸೆಂಟರ್ ಮುಚ್ಚಿತು, ಎರಡು ಮಾನಿಟರ್ ಅಟ್ಟ ಸೇರಿದವು. ಮಗಳಿಗೆ ಲೆಕ್ಕಪತ್ರದ ಕೆಲಸ, ಹೊಸ ಡೆಸ್ಕ್‌ಟಾಪ್ ತಗೊಂಡಳು, ಎರಡನೇ ಪರದೆಯೂ ಬೇಕಿತ್ತು. 'ಎರಡು ಇದೆಯಲ್ಲೇ, ಮತ್ತೆ ದುಡ್ಡು ಯಾಕೆ?' ಅಂತ ತಾಯಿ. ಮಗಳನ್ನು ಕೇಳದೇ ಅಂಗಡಿಗೆ ಹೋಗಿ ಒಂದು ಕನ್ವರ್ಟರ್ ತಂದರು. ಚಿತ್ರ ಬರಲಿಲ್ಲ. ಮಗಳು ತಾನೂ ಒಂದು ಕೇಬಲ್ ತಂದು ಇನ್ನೊಂದು ಮಾನಿಟರ್‌ಗೆ ಹಾಕಿದಳು, ಅದರಲ್ಲೂ ಬರಲಿಲ್ಲ. 'ಎರಡೂ ಸತ್ತಿವೆ ಅಮ್ಮ, ನಿನ್ನ ಕಾಲದ್ದು ಮುಗೀತು' ಅಂದಳು. ಆಮೇಲೆ ಊಟಕ್ಕೆ ಕರೆಯೋಕೂ ಪಕ್ಕದ ಮನೆ ಹುಡುಗ ಬೇಕಾಯಿತು.

ನನ್ನ ಎದುರು ಕೂತಾಗ ಮಗಳು ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. ಸತ್ತಿವೆ, ಅಷ್ಟೇ. ತಾಯಿ ಉತ್ತರ ಕೊಡಲಿಲ್ಲ. ಬ್ಯಾಗಿನಿಂದ ಫೋನ್ ತೆಗೆದು ಒಂದು ಫೋಟೋ ತೋರಿಸಿದರು. ಕಪ್ಪು ಪರದೆ, ನಡುವೆ 'ನೋ ಸಿಗ್ನಲ್' ಅಂತ ಅಕ್ಷರ.

'ಮೇಡಂ, ಸತ್ತೋಗಿದ್ರೆ ಇದನ್ನಾದ್ರೂ ಯಾಕೆ ಬರೀತಿತ್ತು?'

ಇಲ್ಲಿ ನಾನು ಸುಲಭವಾಗಿ ಜಾರಬಹುದಿತ್ತು. 'ಅಮ್ಮಾ, ನೀವು ನಿಮ್ಮ ಬಗ್ಗೆಯೇ ಹೇಳ್ತಿದ್ದೀರಾ?' ಅಂತ ಕೇಳಿದ್ದರೆ ಅವರು ಅತ್ತುಬಿಡುತ್ತಿದ್ದರು, ಮಗಳು ಕರಗುತ್ತಿದ್ದಳು, ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಮನೆಗೆ ಹೋಗುತ್ತಿದ್ದರು, ಮಾನಿಟರ್ ಮಾತ್ರ ಅಟ್ಟದಲ್ಲೇ ಇರುತ್ತಿತ್ತು. ನಾನು ಕೇಳಲಿಲ್ಲ. ಯಾಕೆಂದರೆ ಅವರು ಹೇಳಿದ್ದು ಮಾನಿಟರ್ ಬಗ್ಗೆ, ಮತ್ತೆ ಹೇಳಿದ್ದು ಸರಿಯಾಗಿಯೇ ಇತ್ತು. ಆ ಅಕ್ಷರ ಮೂಡಿಸೋದು ಮಾನಿಟರೇ. ಅದಕ್ಕೆ ಕರೆಂಟ್ ಇದೆ, ಒಳಗೆ ದೀಪ ಉರೀತಿದೆ, ಕಂಪ್ಯೂಟರ್ ಕಡೆಯಿಂದ ಏನೂ ಬರ್ತಿಲ್ಲ ಅಂತ ಅರ್ಥ. ಮಗಳ ಕಡೆ ತಿರುಗಿ, 'ನಿಮ್ಮಮ್ಮ ಹೇಳೋದು ಸರಿ ಅಲ್ವಾ?' ಅಂದೆ. ಅವಳು ಸ್ವಲ್ಪ ಹೊತ್ತು ಫೋಟೋ ನೋಡಿ, 'ಹೌದು, ನಾನು ಹಾಗೆ ಯೋಚನೆ ಮಾಡಿರಲಿಲ್ಲ' ಅಂದಳು.

ಮನೆಗೆ ಹೋಗಿ ಏನನ್ನೂ ಚುಚ್ಚಬೇಡಿ, ಏನನ್ನೂ ಕೊಳ್ಳಬೇಡಿ ಅಂದೆ. ಇಬ್ಬರೂ ಸೇರಿ ಕಂಪ್ಯೂಟರಿನ ಹಿಂಭಾಗ, ಎರಡೂ ಮಾನಿಟರ್‌ಗಳ ಹಿಂಭಾಗ, ತಂದಿರೋ ಕೇಬಲ್‌ಗಳು, ಎಲ್ಲದರ ಫೋಟೋ ತೆಗೆದು, ಕಂಪ್ಯೂಟರ್ ಬಿಲ್ ಜೊತೆ ರಿಪೇರಿಯವನ ಹತ್ತಿರ ಹೋಗಿ. ಇಬ್ಬರೂ ಹೋಗಬೇಕು, ಒಬ್ಬರೇ ಹೋಗುವ ಹಾಗಿಲ್ಲ.

ಗೊತ್ತಾಗಿದ್ದು ಇಷ್ಟು. ಒಂದು ಮಾನಿಟರ್‌ಗೆ ಕೇಬಲ್ ಚುಚ್ಚೋಕೆ ವಿಜಿಎ ಅನ್ನೋ ಹಳೇ ಪೋರ್ಟ್ ಮಾತ್ರ ಇತ್ತು. ಅದು 1987ರಲ್ಲಿ ಐಬಿಎಂ ತಂದ ಹದಿನೈದು ಪಿನ್ನಿನ ಅನಲಾಗ್ ವ್ಯವಸ್ಥೆ. ಹೊಸ ಕಂಪ್ಯೂಟರಿನಲ್ಲಿದ್ದ ಎಚ್‌ಡಿಎಂಐ ಪೋರ್ಟ್ ಡಿಜಿಟಲ್, ಹಾಗಾಗಿ ಬರೀ ಕೇಬಲ್ ಸಾಲದು, ಸಿಗ್ನಲ್ ಬದಲಿಸುವ ಕನ್ವರ್ಟರ್ ಬೇಕು. ತಾಯಿ ತಂದಿದ್ದು ಕನ್ವರ್ಟರೇ, ಆದರೆ ವಿಜಿಎಯಿಂದ ಎಚ್‌ಡಿಎಂಐಗೆ ಹೋಗೋದು, ಬೇಕಿದ್ದದ್ದು ಉಲ್ಟಾ. ಇವು ಒನ್‌ವೇ ರಸ್ತೆ ಇದ್ದ ಹಾಗೆ. ಇನ್ನೊಂದು ಮಾನಿಟರ್‌ಗೆ ಡಿವಿಐ ಅನ್ನೋ ಬೇರೆ ಥರದ ಪೋರ್ಟ್ ಇತ್ತು, ಎಚ್‌ಡಿಎಂಐಯಿಂದ ಅದಕ್ಕೆ ಹೋಗೋ ಮಗಳ ಕೇಬಲ್ ಸರಿಯಾಗಿಯೇ ಇತ್ತು. ಆದರೆ ಅವಳು ಚುಚ್ಚಿದ್ದು ಮದರ್‌ಬೋರ್ಡಿನ, ಅಂದರೆ ಕಂಪ್ಯೂಟರಿನ ಮುಖ್ಯ ಬೋರ್ಡಿನ, ಎಚ್‌ಡಿಎಂಐಗೆ. ಅವಳ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಎಫ್ ಇದೆ. ಇಂಟೆಲ್‌ನ ಆ ಥರದ ಪ್ರೊಸೆಸರ್‌ಗಳಲ್ಲಿ ಚಿತ್ರ ಮೂಡಿಸೋ ಗ್ರಾಫಿಕ್ಸ್ ಭಾಗ ಇರೋದಿಲ್ಲ, ಆ ಪೋರ್ಟಿನಿಂದ ಯಾವ ಮಾನಿಟರ್‌ಗೂ ಚಿತ್ರ ಬರಲ್ಲ. ಚಿತ್ರಕ್ಕೆಂದೇ ಬೇರೆಯಾಗಿದ್ದ ಗ್ರಾಫಿಕ್ಸ್ ಕಾರ್ಡಿನಲ್ಲಿ ಡಿಸ್‌ಪ್ಲೇಪೋರ್ಟ್ ಅನ್ನೋ ಪೋರ್ಟ್ ಒಂದು ಖಾಲಿ ಇತ್ತು. ಅಲ್ಲಿಂದ ಡಿವಿಐಗೆ ಒಂದು ಚಿಕ್ಕ ಅಡಾಪ್ಟರ್ ಹಾಕಿದರು, ಚಿತ್ರ ಬಂತು. ವಿಂಡೋಸ್ ಕೀ ಜೊತೆ ಪಿ ಒತ್ತಿ, ಕೆಲಸವನ್ನು ಎರಡೂ ಪರದೆಗೆ ಹರಡೋ 'ಎಕ್ಸ್‌ಟೆಂಡ್' ಆರಿಸಿದ್ದು ತಾಯಿಯಂತೆ.

ಇದು ಕೌನ್ಸೆಲಿಂಗಾ, ಕಂಪ್ಯೂಟರ್ ರಿಪೇರಿಯಾ ಅಂತ ಪರಿಚಯದ ಸಲಹೆಗಾರರೊಬ್ಬರು ನಕ್ಕರು. ನಗಲಿ. 'ಕೆಲಸ ಮಾಡ್ತಿಲ್ಲ' ಅಂತ ಒಬ್ಬರು ಹೇಳಿದಾಗ, ನಿಜವಾಗಲೂ ಕೆಲಸ ಮಾಡ್ತಿಲ್ಲವಾ ಅಂತ ನೋಡದೇ ಅವರ ಬಾಲ್ಯಕ್ಕೆ ಕೈ ಹಾಕೋದು ನನಗೆ ಅಗೌರವ ಅನ್ನಿಸುತ್ತೆ. ಇಲ್ಲಿ ಇಬ್ಬರೂ ಒಂದೊಂದು ಕಡೆ ಎಡವಿದ್ದರು. ಅದು ಇಬ್ಬರ ಕಣ್ಣಿಗೂ ಬಿದ್ದಿದ್ದು ಅಂಗಡಿಯ ಕೌಂಟರ್ ಮುಂದೆ, ನನ್ನ ರೂಮಿನಲ್ಲಿ ಅಲ್ಲ. ನಾನು ಎಷ್ಟು ಹೇಳಿದ್ದರೂ ಅದು ಆಗುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ತಾಯಿಗೆ ಹೇಳಿದ್ದೆ, ಅದು ಅವರಿಗೆ ರುಚಿಸಲಿಲ್ಲ. ಆ ಟೇಬಲ್ ಮಗಳದ್ದು. ದಿನವಿಡೀ ಅಂಕಿ ನೋಡೋ ಕಣ್ಣೂ ಅವಳದ್ದು. ಮಾನಿಟರ್ ಓಡಿದರೂ ಅವಳು ಬೇಡ ಅಂದರೆ ಬೇಡ, ಆಮೇಲೆ ಚುಚ್ಚು ಮಾತು ಆಡಬಾರದು. ಹಾಗೆಯೇ ಆಯಿತು. ವಿಜಿಎ ಮಾನಿಟರ್‌ಗೂ ಸರಿಯಾದ ಕನ್ವರ್ಟರ್ ಸಿಕ್ಕಿತು, ಮಾನಿಟರಿನ ಆಟೋ ಬಟನ್ ಒತ್ತಿದ ಮೇಲೆ ಅಕ್ಷರವೂ ನೆಟ್ಟಗಾಯಿತು, ಆದರೆ ಬೆಳಕು ಹಳದಿಯಾಗಿತ್ತು. ಮಗಳು ಬೇಡ ಅಂದಳು. ತಾಯಿ ಸುಮ್ನೆ ಎತ್ತಿಟ್ಟರು.

ಅದಾದ ಮೇಲೆ ಅವರು ಒಬ್ಬರೇ ಬರುತ್ತೇನೆ ಅಂತ ಫೋನ್ ಮಾಡಿದರು. ಸೆಂಟರ್ ಮುಚ್ಚಿದ್ದರ ಬಗ್ಗೆ ಮಾತಾಡಬೇಕಂತೆ. ಮುಂದಿನ ವಾರ ಬರೋಕೆ ಹೇಳಿದ್ದೇನೆ.